ಎಷ್ಟು ಜನ ಇದ್ದೀರಿ? ವಾಷಿಂಗ್ಟನ್ ಸೈನ್ಯದ ಕಾಗದಪತ್ರಗಳ ಕಥೆ

ಎಲ್ಲರಿಗೂ ನಮಸ್ಕಾರ.

ಸೈನ್ಯದ ಬಗ್ಗೆ ಉಪನ್ಯಾಸ ಅಂತ ತೋಪು, ಕುದುರೆ, ಬಾವುಟ ನಿರೀಕ್ಷಿಸಿ ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ. ಇವತ್ತಿನ ಮಾತು ಹಾಜರಿ ಪಟ್ಟಿ, ದಾಸ್ತಾನು ಲೆಕ್ಕ, ನಕಲು ಪ್ರತಿ, ಟಪಾಲು ಇವುಗಳ ಬಗ್ಗೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ಅವರಿಗೆ ಇದು ಉಳಿದವರಿಗಿಂತ ಬೇಗ ಅರ್ಥವಾಗುತ್ತದೆ.

ಬ್ರಿಟಿಷರ ವಿರುದ್ಧ ಅಮೆರಿಕದ ಸ್ವಾತಂತ್ರ್ಯ ಯುದ್ಧ ಆಗಷ್ಟೇ ಶುರುವಾಗಿತ್ತು. 1775ರ ಜುಲೈ 2ರಂದು ಜಾರ್ಜ್ ವಾಷಿಂಗ್ಟನ್ ಬಾಸ್ಟನ್ ಪಕ್ಕದ ಕೇಂಬ್ರಿಡ್ಜ್‌ಗೆ ಬಂದು ಇಳಿದ. ಬಾಸ್ಟನ್ ಊರಿನೊಳಗೆ ಬ್ರಿಟಿಷ್ ಸೈನ್ಯ. ಊರ ಸುತ್ತ ನ್ಯೂ ಇಂಗ್ಲೆಂಡಿನ ರೈತರು, ಬಡಗಿಗಳು, ಕಮ್ಮಾರರು ಕೋವಿ ಹಿಡಿದು ಕೂತಿದ್ದರು. ಈ ಗುಂಪನ್ನು ಸೈನ್ಯ ಅಂತ ಕರೆದು, ಅದಕ್ಕೆ ಸೇನಾಪತಿಯಾಗಿ ಕಾಂಗ್ರೆಸ್, ಅಂದರೆ ಅಮೆರಿಕದ ವಸಾಹತುಗಳ ಪ್ರತಿನಿಧಿ ಸಭೆ, ಇವನನ್ನು ಕಳಿಸಿತ್ತು. ಮರುದಿನ ಅಧಿಕಾರ ವಹಿಸಿಕೊಂಡ. ಆ ದಿನವೇ ಅವನ ಆದೇಶ ಹೊರಟಿತು. ಏನಂತ? ದಾಳಿ ಮಾಡಿ ಅಂತಲ್ಲ, ಕಂದಕ ತೋಡಿ ಅಂತಲೂ ಅಲ್ಲ. ಪ್ರತಿ ರೆಜಿಮೆಂಟಿನ ಕರ್ನಲ್ ತನ್ನಲ್ಲಿ ಎಷ್ಟು ಜನ ಇದ್ದಾರೆ, ಅದರಲ್ಲಿ ಕಾಯಿಲೆಯವರು, ಗಾಯಗೊಂಡವರು, ರಜೆ ಮೇಲೆ ಹೋದವರು ಎಷ್ಟು, ಮದ್ದುಗುಂಡು ಎಷ್ಟಿದೆ, ಕೂಡಲೇ ಬರೆದು ಕೊಡಬೇಕು ಅಂತ.

ಇಂಥ ಲೆಕ್ಕಕ್ಕೆ ಸೈನ್ಯದಲ್ಲಿ ರಿಟರ್ನ್ ಅನ್ನುತ್ತಿದ್ದರು. ನಾವು ತೆರಿಗೆ ರಿಟರ್ನ್ ಸಲ್ಲಿಸುತ್ತೇವಲ್ಲ, ಹಾಗೇ ಕೆಳಗಿನವರು ಮೇಲಿನವರಿಗೆ ಸಲ್ಲಿಸುವ ಲೆಕ್ಕ ಅದು. ಕಾಲಂ ಎಳೆದ ಒಂದು ಹಾಳೆ. ಹಾಜರಿದ್ದು ಕೆಲಸಕ್ಕೆ ಯೋಗ್ಯರು, ಹಾಜರಿದ್ದೂ ಕಾಯಿಲೆ ಬಿದ್ದವರು, ಬೇರೆಡೆ ಆಸ್ಪತ್ರೆಯಲ್ಲಿರುವವರು, ಬೇರೆ ಕೆಲಸಕ್ಕೆ ನೇಮಕವಾದವರು, ರಜೆಯಲ್ಲಿರುವವರು, ಕೊನೆಗೆ ಒಟ್ಟು. ಪಕ್ಕದಲ್ಲಿ ಹಿಂದಿನ ಲೆಕ್ಕದ ನಂತರ ಸತ್ತವರು, ಓಡಿಹೋದವರು, ಹೊಸದಾಗಿ ಸೇರಿದವರು. ದಳದ ಹಾಳೆ ರೆಜಿಮೆಂಟಿಗೆ, ರೆಜಿಮೆಂಟಿನದು ಬ್ರಿಗೇಡಿಗೆ, ಅಲ್ಲಿಂದ ಇಡೀ ಸೈನ್ಯದ ಆದೇಶ, ಲೆಕ್ಕಪತ್ರ ನೋಡಿಕೊಳ್ಳುವ ಅಡ್ಜುಟಂಟ್ ಜನರಲ್ ಕಚೇರಿಗೆ. ಅಲ್ಲಿ ಎಲ್ಲವನ್ನೂ ಕೂಡಿ ಒಂದೇ ಹಾಳೆ ಮಾಡಿ ಸೇನಾಪತಿಯ ಮೇಜಿಗೆ.

ಇದು ಒಂದು ಗಂಟೆಯ ಕೆಲಸ ಅಂತ ವಾಷಿಂಗ್ಟನ್ ಅಂದುಕೊಂಡಿದ್ದ. ಎಂಟು ದಿನ ಹಿಡಿಯಿತು. ಸ್ನೇಹಿತ ರಿಚರ್ಡ್ ಹೆನ್ರಿ ಲೀಗೆ ಜುಲೈ 10ರಂದು ಬರೆದ ಪತ್ರದಲ್ಲಿ ಈ ಬಗ್ಗೆ ಹೊಟ್ಟೆ ಉರಿದುಕೊಂಡಿದ್ದಾನೆ. ಆದರೆ ಆ ಕರ್ನಲ್‌ಗಳನ್ನು ಸುಮ್ನೆ ಬೈದು ಪ್ರಯೋಜನ ಇಲ್ಲ. ಮ್ಯಾಸಚೂಸೆಟ್ಸ್‌ನ ರೆಜಿಮೆಂಟ್ ಒಂದು ಗಾತ್ರ, ಕನೆಕ್ಟಿಕಟ್‌ನದು ಇನ್ನೊಂದು. ಅಚ್ಚು ಹಾಕಿದ ಫಾರಂ ಇಲ್ಲ. ಎಷ್ಟೋ ಕಡೆ ಅಧಿಕಾರಿಯನ್ನು ಆರಿಸಿದವರೇ ಸೈನಿಕರು. ತನ್ನನ್ನು ಆರಿಸಿದ ಪಕ್ಕದ ಮನೆಯವನನ್ನು ಸಾಲಾಗಿ ನಿಲ್ಲಿಸಿ ಎಣಿಸುವುದು ಅವನಿಗೂ ಮುಜುಗರವೇ ಅಲ್ವಾ? ಅಡ್ಜುಟಂಟ್ ಜನರಲ್ ಆಗಿದ್ದ ಹೊರೇಷಿಯೋ ಗೇಟ್ಸ್ ಮಾತ್ರ ಹಿಂದೆ ಬ್ರಿಟಿಷ್ ಸೈನ್ಯದಲ್ಲಿ ಪಳಗಿದವನು. ಅಲ್ಲಿನ ಪದ್ಧತಿಯನ್ನೇ ಇಲ್ಲಿಗೆ ತಂದ. ಯಾರ ವಿರುದ್ಧ ಹೋರಾಡುತ್ತಿದ್ದರೋ ಅವರ ಲೆಕ್ಕದ ಪುಸ್ತಕವನ್ನೇ ಇವರು ಎರವಲು ಪಡೆದರು.

ಜನರ ಲೆಕ್ಕ ತಡವಾಗಿಯಾದರೂ ಬಂತು. ಕೋವಿಗೆ ತುಂಬುವ ಮದ್ದಿನ ಲೆಕ್ಕ ಬೇರೆಯೇ ಕಥೆ. ಮ್ಯಾಸಚೂಸೆಟ್ಸ್‌ನವರು ಕೊಟ್ಟ ಪಟ್ಟಿಯಲ್ಲಿ ಮುನ್ನೂರಕ್ಕೂ ಹೆಚ್ಚು ಪೀಪಾಯಿ ಮದ್ದು ಇತ್ತು. ಸರಿ, ಸದ್ಯಕ್ಕೆ ಸಾಕು ಅಂತ ಎಲ್ಲರೂ ನೆಮ್ಮದಿಯಾಗಿದ್ದರು. ಆಗಸ್ಟ್ ಮೊದಲ ವಾರ ಯಾರೋ ನಿಜವಾಗಿ ಉಗ್ರಾಣಕ್ಕೆ ಹೋಗಿ ನೋಡಿದರು. ಸಿಕ್ಕಿದ್ದು 9,937 ಪೌಂಡು. ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಸಾವಿರ ಕಿಲೋ. ಹಂಚಿದರೆ ಒಬ್ಬ ಸೈನಿಕನಿಗೆ ಒಂಬತ್ತು ಸುತ್ತು ಗುಂಡು. ಏನಾಗಿತ್ತು ಅಂದರೆ, ಶುರುವಿನಿಂದ ಸಂಗ್ರಹಿಸಿದ ಅಷ್ಟೂ ಮದ್ದನ್ನು ಸಮಿತಿಯವರು ಬರೆದುಕೊಟ್ಟಿದ್ದರು. ಜೂನ್ 17ರ ಬಂಕರ್ ಹಿಲ್ ಕಾಳಗದಲ್ಲಿ ಸುಟ್ಟದ್ದೂ ಅದರಲ್ಲೇ ಸೇರಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ಜಮಾ ಬರೆದರು, ಖರ್ಚು ಬರೆಯಲಿಲ್ಲ, ಅಷ್ಟೇ. ಸುದ್ದಿ ಕೇಳಿದ ವಾಷಿಂಗ್ಟನ್ ಅರ್ಧ ಗಂಟೆ ಒಂದು ಮಾತೂ ಆಡಲಿಲ್ಲ ಅಂತ ಜನರಲ್ ಜಾನ್ ಸಲಿವನ್ ಬರೆದಿದ್ದಾನೆ.

ಆಮೇಲೆ ಇನ್ನೊಂದು ಪೇಚು. ಮದ್ದು ಬೇಕು ಅಂತ ಊರೂರಿಗೆ ಬರೆಯಬೇಕು. ಆದರೆ ಎಷ್ಟು ಕಡಿಮೆ ಇದೆ ಅಂತ ಬಾಯಿಬಿಡುವ ಹಾಗಿಲ್ಲ. ದಾರಿಯಲ್ಲಿ ಪತ್ರ ಬ್ರಿಟಿಷರ ಕೈಗೆ ಸಿಕ್ಕರೆ ಮರುದಿನವೇ ಯುದ್ಧ ಮುಗಿಯುತ್ತಿತ್ತು.

ಹಾಗಂತ ಬೇಕೆಂದೇ ಸುಳ್ಳು ಬರೆದವರು ಇರಲಿಲ್ಲ ಅಂತಲ್ಲ. ಎಷ್ಟು ತಲೆ ಬರೆದರೆ ಅಷ್ಟು ಪಡಿ, ಅಷ್ಟು ಸಂಬಳ. ಹತ್ತು ಜನ ಊರಿಗೆ ಹೋಗಿದ್ದರೂ ಹಾಜರಿ ಪಟ್ಟಿಯಲ್ಲಿ ಉಳಿಸಿಕೊಂಡರೆ ಕ್ಯಾಪ್ಟನ್‌ಗೆ ಲಾಭ. ವಾಷಿಂಗ್ಟನ್ ತನ್ನ ಜಮೀನು ನೋಡಿಕೊಳ್ಳುತ್ತಿದ್ದ ಸಂಬಂಧಿ ಲುಂಡ್ ವಾಷಿಂಗ್ಟನ್‌ಗೆ ಆಗಸ್ಟ್ 20ರಂದು ಬರೆಯುತ್ತಾ, ಇಲ್ಲದ ಜನರ ಹೆಸರಲ್ಲಿ ಪಡಿ, ಸಂಬಳ ಎತ್ತಿದ ಇಬ್ಬರು ಕ್ಯಾಪ್ಟನ್‌ಗಳನ್ನು ಕೆಲಸದಿಂದ ತೆಗೆದೆ ಅಂತ ಹೇಳುತ್ತಾನೆ. ಬಂಕರ್ ಹಿಲ್‌ನಲ್ಲಿ ಹೇಡಿತನ ತೋರಿದ ಅಧಿಕಾರಿಗಳ ಪಕ್ಕದಲ್ಲೇ ಈ ಇಬ್ಬರನ್ನೂ ಪಟ್ಟಿ ಮಾಡಿದ್ದಾನೆ. ಅವನ ಕಣ್ಣಿಗೆ ಎರಡೂ ಒಂದೇ ತೂಕದ ಅಪರಾಧ. ನನಗಂತೂ ಈ ಒಂದು ಸಾಲಿನಲ್ಲಿ ಇಡೀ ಮನುಷ್ಯ ಕಾಣುತ್ತಾನೆ.

ಈಗ ಈ ಪತ್ರಗಳು ಹೇಗೆ ತಯಾರಾಗುತ್ತಿದ್ದವು ಅಂತ ಸ್ವಲ್ಪ ನೋಡೋಣ. ಹೆಬ್ಬಾತಿನ ಗರಿಯ ಲೇಖನಿ. ಓಕ್ ಮರದ ಗಂಟುಗಳನ್ನು ನೆನೆಸಿ, ಅನ್ನಭೇದಿ ಬೆರೆಸಿ ಮಾಡಿದ ಮಸಿ. ಲಕೋಟೆ ಅನ್ನುವುದು ಇರಲಿಲ್ಲ. ಹಾಳೆಯನ್ನೇ ಮಡಚಿ, ಅರಗು ಹಾಕಿ, ಹೊರಗೆ ವಿಳಾಸ ಬರೆಯುವುದು. ತಲುಪಿದ ಮೇಲೆ ಬೆನ್ನಿಗೆ ಯಾರಿಂದ, ಯಾವ ತಾರೀಖು, ಏನು ವಿಷಯ ಅಂತ ಬರೆದು ಕಟ್ಟಿಡುವುದು. ಕಾಗದಕ್ಕೂ ತತ್ವಾರ, ಯಾಕೆಂದರೆ ಮದ್ದುಗುಂಡಿನ ಸುರುಳಿ ಕಟ್ಟಲೂ ಕಾಗದವೇ ಬೇಕು. ಎಷ್ಟೇ ಕೋಪದ ಪತ್ರವಾದರೂ ಕೊನೆಗೆ ‘ತಮ್ಮ ಅತ್ಯಂತ ವಿಧೇಯ ಸೇವಕ’ ಅಂತ ಸಹಿ. ನಾವು ಶಾಲೆಯಲ್ಲಿ ರಜಾ ಅರ್ಜಿಗೆ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ ಅಂತ ಬರೆಯುತ್ತಿದ್ದೆವಲ್ಲ, ಆ ವಿಧೇಯತೆ ಕೂಡ ಹೀಗೇ.

ವಾಷಿಂಗ್ಟನ್ ಎಲ್ಲವನ್ನೂ ತಾನೇ ಕೂತು ಬರೆಯುತ್ತಿರಲಿಲ್ಲ. ವಿಷಯ ಬಾಯಲ್ಲಿ ಹೇಳುತ್ತಿದ್ದ, ಇಲ್ಲವೇ ನಾಲ್ಕು ಸಾಲು ಗುರುತು ಹಾಕಿ ಕೊಡುತ್ತಿದ್ದ. ಸಹಾಯಕರಲ್ಲಿ ಒಬ್ಬ ಕರಡು ಮಾಡುತ್ತಿದ್ದ. ವಾಷಿಂಗ್ಟನ್ ಅದನ್ನು ತಿದ್ದುತ್ತಿದ್ದ. ಇನ್ನೊಬ್ಬ ಅಂದವಾಗಿ ನಕಲು ತೆಗೆಯುತ್ತಿದ್ದ. ನಕಲು ಟಪಾಲಿಗೆ, ಕರಡು ಪೆಟ್ಟಿಗೆಗೆ. ಈ ಸಹಾಯಕರ ಬಳಗವನ್ನು ಅವರು ‘ಕುಟುಂಬ’ ಅಂತಲೇ ಕರೆಯುತ್ತಿದ್ದರು. ಒಂದೇ ಮನೆಯಲ್ಲಿ ವಾಸ, ಒಂದೇ ಮೇಜಿನಲ್ಲಿ ಊಟ. ಇಡೀ ಯುದ್ಧದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಹೀಗೆ ಬಂದು ಹೋದರು. 1776ರ ಜನವರಿಯಲ್ಲಿ ಕಾರ್ಯದರ್ಶಿಯಾಗಿದ್ದ ಜೋಸೆಫ್ ರೀಡ್‌ಗೆ ಬರೆದ ಪತ್ರದಲ್ಲಿ ವಾಷಿಂಗ್ಟನ್ ಸ್ಪಷ್ಟವಾಗಿ ಹೇಳಿದ್ದಾನೆ: ಆದೇಶ ಪಾಲಿಸಿದರೆ ಸಾಲದು, ನನ್ನ ಪರವಾಗಿ ಯೋಚಿಸಬಲ್ಲವರೂ ಬೇಕು ಅಂತ. 1777ರ ಮಾರ್ಚ್‌ನಲ್ಲಿ ಬಂದವನು ಅಲೆಗ್ಸಾಂಡರ್ ಹ್ಯಾಮಿಲ್ಟನ್. ಅವನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಇಷ್ಟ ಟೆಂಚ್ ಟಿಲ್ಗ್‌ಮನ್. 1776ರಲ್ಲಿ ಸೇರಿದವನು ಬಹುಕಾಲ ಸಂಬಳವನ್ನೇ ತೆಗೆದುಕೊಳ್ಳದೆ ಬರೆಯುತ್ತಾ ಕೂತ.

1781ರಲ್ಲಿ ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸ್ ಶರಣಾದ. ಹೌದು, ಹತ್ತು ವರ್ಷ ಕಳೆದು ಟಿಪ್ಪು ಮೇಲೆ ದಂಡೆತ್ತಿ ಶ್ರೀರಂಗಪಟ್ಟಣಕ್ಕೆ ಬಂದ ಅದೇ ಕಾರ್ನ್‌ವಾಲಿಸ್. ಆ ಗೆಲುವಿನ ಪತ್ರ ಹೊತ್ತು ಫಿಲಡೆಲ್ಫಿಯಾಕ್ಕೆ ಹೋದವನು ಟಿಲ್ಗ್‌ಮನ್. ಅವನ ದಾರಿಖರ್ಚು ಕೊಡಲು ಖಜಾನೆಯಲ್ಲಿ ನಾಣ್ಯ ಇರಲಿಲ್ಲವಂತೆ. ಕಾಂಗ್ರೆಸ್ ಸದಸ್ಯರು ತಲಾ ಒಂದು ಡಾಲರ್ ಹಾಕಿ ಕೊಟ್ಟೆವು ಅಂತ ಸದಸ್ಯನಾಗಿದ್ದ ಎಲಿಯಾಸ್ ಬೌಡಿನಾಟ್ ನೆನಪಿಸಿಕೊಂಡಿದ್ದಾನೆ. ದೇಶ ಗೆದ್ದ ಸುದ್ದಿಗೆ ಚಂದಾ ಎತ್ತಿದ್ದು ಹೀಗೆ!

ಟಪಾಲಿನ ಈ ವ್ಯವಸ್ಥೆಯಲ್ಲಿ ಒಂದು ಅಪಾಯವೂ ಇತ್ತು. ಯಾವುದು ಕಚೇರಿಯ ಪತ್ರ, ಯಾವುದು ಖಾಸಗಿ ಪತ್ರ ಅಂತ ಹೊರಗಿನಿಂದ ತಿಳಿಯುತ್ತಿರಲಿಲ್ಲ. 1776ರ ನವೆಂಬರ್‌ನಲ್ಲಿ ಫೋರ್ಟ್ ವಾಷಿಂಗ್ಟನ್ ಕೋಟೆಯನ್ನು ಬ್ರಿಟಿಷರಿಗೆ ಸೋತು ಸೈನ್ಯ ನ್ಯೂಜೆರ್ಸಿಯಲ್ಲಿ ಹಿಂದೆ ಸರಿಯುತ್ತಿತ್ತು. ಆಗಿನ ಅಡ್ಜುಟಂಟ್ ಜನರಲ್ ಜೋಸೆಫ್ ರೀಡ್ ಹೆಸರಿಗೆ ಜನರಲ್ ಚಾರ್ಲ್ಸ್ ಲೀಯಿಂದ ಒಂದು ಪತ್ರ ಬಂತು. ರೀಡ್ ಊರಲ್ಲಿರಲಿಲ್ಲ. ಸೈನ್ಯದ ವಿಷಯವೇ ಇರಬೇಕು ಅಂತ ವಾಷಿಂಗ್ಟನ್ ಅರಗು ಒಡೆದ. ಒಳಗೆ ಇದ್ದದ್ದು ತನ್ನ ಬಗ್ಗೆ ಅವರಿಬ್ಬರ ಗುಸುಗುಸು. ಯುದ್ಧದಲ್ಲಿ ದೃಢ ನಿರ್ಧಾರ ಇಲ್ಲದಿರುವುದು ಹೇಡಿತನಕ್ಕಿಂತ ಕೆಟ್ಟದ್ದು, ನೀವು ಹೇಳಿದ್ದು ಸರಿ ಅನ್ನುವ ಧಾಟಿ. ರೀಡ್ ಅಂದರೆ ವಾಷಿಂಗ್ಟನ್‌ನ ಮೊದಲ ಕಾರ್ಯದರ್ಶಿ, ಆಪ್ತ. ವಾಷಿಂಗ್ಟನ್ ಏನು ಮಾಡಿದ? ಪತ್ರವನ್ನು ಮಡಚಿ ರೀಡ್‌ಗೆ ಕಳಿಸಿದ. ಜೊತೆಗೆ ಒಂದು ಚೀಟಿ. ಇದು ಖಾಸಗಿ ಪತ್ರ ಅಂತ ಗೊತ್ತಿರಲಿಲ್ಲ, ಕಚೇರಿ ಕೆಲಸ ಅಂದುಕೊಂಡು ತೆರೆದೆ, ಓದುವ ಉದ್ದೇಶ ಇರಲಿಲ್ಲ, ಕ್ಷಮಿಸಿ ಅಂತ. ಬೈಗುಳದ ಒಂದು ಅಕ್ಷರ ಇಲ್ಲ. ಅದನ್ನು ಓದಿದ ರೀಡ್‌ಗೆ ಹೇಗಾಗಿರಬೇಡ!

ಮೇಲಿನ ಆದೇಶ ಕೆಳಕ್ಕೆ ಇಳಿಯುವ ಬಗೆಯನ್ನೂ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ದಿನವೂ ಅಡ್ಜುಟಂಟ್‌ಗಳು ಮುಖ್ಯ ಕಚೇರಿಗೆ ಬಂದು ಆ ದಿನದ ಆದೇಶ ಬರೆದುಕೊಳ್ಳಬೇಕು. ಅವರು ಓದಿದ್ದನ್ನು ದಳದ ಸಾರ್ಜೆಂಟರು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಆಮೇಲೆ ಸೈನಿಕರಿಗೆ ಓದಿ ಹೇಳಬೇಕು. ಇಂಥ ಆದೇಶ ಪುಸ್ತಕಗಳು ಅಮೆರಿಕದ ಗ್ರಂಥಾಲಯಗಳಲ್ಲಿ ಬೇಕಾದಷ್ಟು ಉಳಿದಿವೆ. ಕಿವಿಗೆ ಬಿದ್ದ ಹಾಗೆ ಕಾಗುಣಿತ. ಒಂದೇ ಆದೇಶವನ್ನು ಎರಡು ಪುಸ್ತಕದಲ್ಲಿ ಹೋಲಿಸಿ ನೋಡಿದರೆ ಆ ಸಾರ್ಜೆಂಟರು ಮಾತಾಡುತ್ತಿದ್ದ ರೀತಿಯೇ ಕೇಳಿಸುತ್ತದೆ.

ಈಗ ಸೈನ್ಯ ಚಳಿಗಾಲಕ್ಕೆ ಬಿಡಾರ ಹೂಡಿದ ವ್ಯಾಲಿ ಫೋರ್ಜ್‌ಗೆ ಬರೋಣ. 1777ರ ಡಿಸೆಂಬರ್. ಚಳಿ, ಹಸಿವು, ಬರಿಗಾಲು ಎಲ್ಲ ನೀವು ಕೇಳಿರುತ್ತೀರಿ. ನಾನು ಗಮನಿಸುವುದು ಡಿಸೆಂಬರ್ 23ರಂದು ವಾಷಿಂಗ್ಟನ್ ಕಾಂಗ್ರೆಸ್ಸಿನ ಅಧ್ಯಕ್ಷ ಹೆನ್ರಿ ಲಾರೆನ್ಸ್‌ಗೆ ಬರೆದ ಪತ್ರವನ್ನು. ಸೈನ್ಯ ಉಪವಾಸ ಬೀಳುತ್ತದೆ, ಕರಗಿಹೋಗುತ್ತದೆ, ಇಲ್ಲವೇ ಚದುರುತ್ತದೆ ಅನ್ನುವ ಮಾತು ಅದರಲ್ಲಿದೆ. ಅದು ಪ್ರಸಿದ್ಧ ಸಾಲು. ಆದರೆ ಪತ್ರಕ್ಕೆ ಬಲ ಬರುವುದು ಇನ್ನೊಂದು ಸಾಲಿನಿಂದ. ಇವತ್ತು ತೆಗೆದ ರಿಟರ್ನ್ ಪ್ರಕಾರ 2,898 ಜನ ಕಾಲಿಗೆ ಜೋಡಿಲ್ಲದೆ, ಮೈಗೆ ಬಟ್ಟೆಯಿಲ್ಲದೆ ಕೆಲಸಕ್ಕೆ ಬಾರದ ಸ್ಥಿತಿಯಲ್ಲಿದ್ದಾರೆ ಅಂತ. ಮೂರು ಸಾವಿರ ಅನ್ನಲಿಲ್ಲ ನೋಡಿ. ಸಾವಿರಾರು ಅಂತಲೂ ಅನ್ನಲಿಲ್ಲ. ಎರಡೂವರೆ ವರ್ಷದ ಹಿಂದೆ ಒಂದು ಲೆಕ್ಕಕ್ಕೆ ಎಂಟು ದಿನ ಕಾದವನ ಕೈಗೆ ಈಗ ಅದೇ ದಿನದ ಲೆಕ್ಕ ಸಿಗುತ್ತಿದೆ. ಸುಂಕದ ಮೇಜಿನ ಮುಂದೆ ರಶೀದಿ ತೆಗೆದಿಟ್ಟ ವ್ಯಾಪಾರಿಯ ಹಾಗೆ ಅದನ್ನು ಕಾಂಗ್ರೆಸ್ಸಿನ ಮುಂದೆ ಇಡುತ್ತಾನೆ. ಜನವರಿಯಲ್ಲಿ ಕಾಂಗ್ರೆಸ್ ಒಂದು ಸಮಿತಿಯನ್ನೇ ಶಿಬಿರಕ್ಕೆ ಕಳಿಸಿತು.

ಅದೇ ಫೆಬ್ರವರಿಯಲ್ಲಿ ಪ್ರಷ್ಯಾದ ಫಾನ್ ಸ್ಟೂಬೆನ್ ಬಂದ. ಕವಾಯತು ಕಲಿಸಿದವನು ಅಂತ ಅವನಿಗೆ ಹೆಸರು. ನನ್ನ ಲೆಕ್ಕದಲ್ಲಿ ಅವನು ಕಲಿಸಿದ್ದರಲ್ಲಿ ದೊಡ್ಡದು ಪುಸ್ತಕ ಇಡುವುದನ್ನು. ಮೂವತ್ತೇ ಜನರ ರೆಜಿಮೆಂಟ್ ನೋಡಿದೆ, ಒಬ್ಬನೇ ಕಾರ್ಪೊರಲ್ ಇರುವ ದಳ ನೋಡಿದೆ ಅಂತ ಅವನು ಬರೆದಿದ್ದಾನೆ. ಇಂಗ್ಲಿಷ್ ಬರುತ್ತಿರಲಿಲ್ಲ. ಫ್ರೆಂಚಿನಲ್ಲಿ ಬರೆಯುತ್ತಿದ್ದ, ಬೇರೆಯವರು ಇಂಗ್ಲಿಷಿಗೆ ತರುತ್ತಿದ್ದರು. 1779ರಲ್ಲಿ ಕಾಂಗ್ರೆಸ್ ಒಪ್ಪಿದ ಅವನ ನಿಯಮಾವಳಿಯಲ್ಲಿ ಹೆಜ್ಜೆ ಹಾಕುವ ಕ್ರಮದ ಜೊತೆಗೇ ಕ್ಯಾಪ್ಟನ್ ಪ್ರತಿ ಸೈನಿಕನ ಹೆಸರು, ಚಹರೆ, ಕೊಟ್ಟ ಬಟ್ಟೆ, ಕೊಟ್ಟ ಆಯುಧ ಬರೆದಿಡಬೇಕು ಅನ್ನುವುದೂ ಇತ್ತು. ಅದಕ್ಕೆ ಮುಂಚೆ ಪ್ರತಿ ವರ್ಷ ಐದರಿಂದ ಎಂಟು ಸಾವಿರ ಕೋವಿ ಹೆಚ್ಚಿಗೆ ತರಿಸಬೇಕಿತ್ತಂತೆ. ಸೇವೆ ಮುಗಿದವರು ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗಿಬಿಡುತ್ತಿದ್ದರು. ತನ್ನ ಕೊನೆಯ ತಪಾಸಣೆಯಲ್ಲಿ ಮೂರೇ ಕೋವಿ ಕಡಿಮೆ ಬಂತು, ಅದಕ್ಕೂ ಲೆಕ್ಕ ಇತ್ತು ಅಂತ ಸ್ಟೂಬೆನ್ ಹೇಳಿಕೊಂಡ. ಅವನು ಸ್ವಲ್ಪ ಜಂಬದ ಮನುಷ್ಯ. ಮೂರಲ್ಲ, ಮುನ್ನೂರು ಅಂತ ಇಟ್ಟುಕೊಂಡರೂ ಇದು ಸಣ್ಣ ಸಾಧನೆಯಲ್ಲ.

ಇಂಥ ಕೆಲಸಕ್ಕೆ ಹೆಸರು ಬರುವುದಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು. ಕಾಳಗದ ಮೈದಾನ ಬಿಟ್ಟು ಕ್ವಾರ್ಟರ್ ಮಾಸ್ಟರ್ ಜನರಲ್, ಅಂದರೆ ಸೈನ್ಯದ ಸಾಮಾನು ಸಾಗಣೆ ನೋಡಿಕೊಳ್ಳುವವನು, ಆದ ನಥಾನಿಯಲ್ ಗ್ರೀನ್ 1779ರಲ್ಲಿ ವಾಷಿಂಗ್ಟನ್‌ಗೇ ಬರೆದ: ಇತಿಹಾಸದಲ್ಲಿ ಯಾವ ಕ್ವಾರ್ಟರ್ ಮಾಸ್ಟರ್ ಹೆಸರನ್ನೂ ಯಾರೂ ಕೇಳಿಲ್ಲ ಅಂತ.

ಇನ್ನು ನನಗೆ ಬಹಳ ಇಷ್ಟವಾದ ಪ್ರಸಂಗ. 1780ರ ಸೆಪ್ಟೆಂಬರ್ 23. ನ್ಯೂಯಾರ್ಕ್ ಬಳಿ ಟ್ಯಾರಿಟೌನ್ ದಾರಿಯಲ್ಲಿ ಮೂವರು ಸ್ಥಳೀಯ ಸೈನಿಕರು ಒಬ್ಬ ಕುದುರೆ ಸವಾರನನ್ನು ತಡೆದರು. ಬೂಟು ಬಿಚ್ಚಿಸಿದರು. ಕಾಲುಚೀಲದೊಳಗೆ ಕಾಗದಗಳು. ಆ ಮೂವರಲ್ಲಿ ಓದು ಬರುತ್ತಿದ್ದದ್ದು ಜಾನ್ ಪೌಲ್ಡಿಂಗ್ ಒಬ್ಬನಿಗೇ. ಅವನು ಓದಿ ನೋಡಿ, ಇವನು ಗೂಢಚಾರ ಅಂದ. ಸವಾರ ಬ್ರಿಟಿಷ್ ಮೇಜರ್ ಜಾನ್ ಆಂಡ್ರೆ. ಕಾಗದ ಕೊಟ್ಟವನು ವಾಷಿಂಗ್ಟನ್‌ನದೇ ಸೈನ್ಯದ ಜನರಲ್, ವೆಸ್ಟ್ ಪಾಯಿಂಟ್ ಕೋಟೆಯ ಅಧಿಪತಿ, ಬೆನೆಡಿಕ್ಟ್ ಆರ್ನಾಲ್ಡ್.

ಯಾವ ಕಾಗದ ಅವು? ವೆಸ್ಟ್ ಪಾಯಿಂಟಿನಲ್ಲಿರುವ ಸೈನ್ಯದ ರಿಟರ್ನ್. ತೋಪುಗಳ ರಿಟರ್ನ್. ಕೋಟೆ ಕಾಯಲು ಎಷ್ಟು ಜನ ಬೇಕು ಅನ್ನುವ ಅಂದಾಜು. ಎಲ್ಲೆಲ್ಲಿ ಗೋಡೆ ಸಡಿಲ ಅನ್ನುವ ಟಿಪ್ಪಣಿ. ಅಪಾಯದ ಹೊತ್ತಿನಲ್ಲಿ ಫಿರಂಗಿ ದಳ ಎಲ್ಲೆಲ್ಲಿ ನಿಲ್ಲಬೇಕು ಅನ್ನುವ ಆದೇಶ. ಒಂದು ಸಮಾಲೋಚನಾ ಸಭೆಯ ನಡವಳಿ. ಇದರಲ್ಲಿ ಗುಪ್ತ ಲಿಪಿ ಇಲ್ಲ, ಮಾಯದ ಮಸಿ ಇಲ್ಲ. ದಿನನಿತ್ಯ ಕಚೇರಿಯಲ್ಲಿ ಓಡಾಡುವ ಹಾಳೆಗಳು. ಕೋಟೆಯನ್ನೂ ಅದರೊಳಗಿನ ಮೂರು ಸಾವಿರ ಜನರನ್ನೂ ಒಪ್ಪಿಸಿದರೆ 20,000 ಪೌಂಡು ಅಂತ ಮಾತಾಗಿತ್ತು. ಲೆಕ್ಕ ಇಡಲು ಕಲಿತ ಸೈನ್ಯಕ್ಕೆ ಈಗ ಕಳವಾಗಬಲ್ಲ ಒಂದು ವಸ್ತುವೂ ಇತ್ತು ಅಂತಾಯಿತು.

ಮುಂದಿನದು ಇನ್ನೂ ಸ್ವಾರಸ್ಯ. ಆಂಡ್ರೆಯನ್ನು ಲೆಫ್ಟಿನೆಂಟ್ ಕರ್ನಲ್ ಜಾನ್ ಜೇಮ್ಸನ್ ಹತ್ತಿರ ಕರೆತಂದರು. ಜೇಮ್ಸನ್ ನಿಯಮದ ಮನುಷ್ಯ. ಕಾಗದಗಳನ್ನು ವಾಷಿಂಗ್ಟನ್‌ಗೆ ಕಳಿಸಿದ. ಹೀಗೊಬ್ಬನನ್ನು ಹಿಡಿದಿದ್ದೇವೆ ಅನ್ನುವ ವರದಿಯನ್ನು ತನ್ನ ನೇರ ಮೇಲಧಿಕಾರಿಗೆ ಕಳಿಸಿದ. ಆ ಮೇಲಧಿಕಾರಿ ಯಾರು? ಆರ್ನಾಲ್ಡ್! ನಮ್ಮ ಕಚೇರಿಗಳಲ್ಲಿ ‘ಥ್ರೂ ಪ್ರಾಪರ್ ಚಾನೆಲ್’ ಅನ್ನುತ್ತೇವಲ್ಲ, ಅದನ್ನು ಚಾಚೂ ತಪ್ಪದೆ ಪಾಲಿಸಿದ. ವಾಷಿಂಗ್ಟನ್ ದಾರಿ ಬದಲಿಸಿದ್ದರಿಂದ ಅವನಿಗೆ ಹೊರಟ ಕಾಗದ ತಡವಾಯಿತು. ಆರ್ನಾಲ್ಡ್‌ಗೆ ಹೊರಟ ವರದಿ 25ರ ಬೆಳಿಗ್ಗೆ ತಿಂಡಿ ಹೊತ್ತಿಗೆ ಸರಿಯಾಗಿ ತಲುಪಿತು. ಓದಿದವನೇ ಎದ್ದು, ನದಿಗಿಳಿದು, ‘ವಲ್ಚರ್’ ಅನ್ನುವ ಬ್ರಿಟಿಷ್ ಹಡಗು ಹತ್ತಿ ಪಾರಾದ. ಆಂಡ್ರೆಯನ್ನು ಅಕ್ಟೋಬರ್ 2ರಂದು ಗಲ್ಲಿಗೇರಿಸಿದರು.

ಹಿಂದೆ ಉಳಿದವನು ಆರ್ನಾಲ್ಡ್‌ನ ಕಾರ್ಯದರ್ಶಿ ರಿಚರ್ಡ್ ವೇರಿಕ್. ಆರ್ನಾಲ್ಡ್‌ನ ಪತ್ರ ಬರೆಯುತ್ತಿದ್ದವನು ಇವನು. ಹಾಗಾದರೆ ಇವನಿಗೆ ಗೊತ್ತಿರಲಿಲ್ಲವೇ? ಜನ ಗುಮಾನಿಯಿಂದ ನೋಡಿದರು. ವೇರಿಕ್ ತಾನೇ ಕೇಳಿಕೊಂಡು ವಿಚಾರಣೆ ಮಾಡಿಸಿಕೊಂಡ. ನಿರ್ದೋಷಿ ಅಂತ ತೀರ್ಪಾಯಿತು. ಆದರೂ ಕಳಂಕ ಅಷ್ಟು ಬೇಗ ಹೋಗುತ್ತದೆಯೇ?

1781ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಅವನಿಗೆ ಒಂದು ಕೆಲಸ ಕೊಟ್ಟ. ಯುದ್ಧ ಶುರುವಾದಾಗಿನಿಂದ ಕೂಡಿಬಿದ್ದ ತನ್ನ ಅಷ್ಟೂ ಕರಡು ಪತ್ರಗಳನ್ನು ವಿಂಗಡಿಸಿ ಪುಸ್ತಕಕ್ಕೆ ಇಳಿಸುವುದು. ಪೆಟ್ಟಿಗೆಯಲ್ಲಿ ಊರಿಂದೂರಿಗೆ ಅಲೆದ ಬಿಡಿ ಹಾಳೆಗಳವು. ಸೇನಾಪತಿಯ ಗುಟ್ಟುಗಳೆಲ್ಲ ಅವುಗಳಲ್ಲಿ. ಅದನ್ನು ದ್ರೋಹಿಯ ಕಾರ್ಯದರ್ಶಿಯಾಗಿದ್ದವನ ಕೈಗೆ ಒಪ್ಪಿಸಿದ. ಇದಕ್ಕಿಂತ ದೊಡ್ಡ ಯೋಗ್ಯತಾ ಪತ್ರ ಬೇಕೇ? ಹಡ್ಸನ್ ನದಿ ದಂಡೆಯ ಪೊಕೀಪ್ಸಿ ಊರಿನಲ್ಲಿ ವೇರಿಕ್ ಕಚೇರಿ ಹೂಡಿದ. ಕಾಂಗ್ರೆಸ್ಸಿಗೆ ಬರೆದವು ಬೇರೆ, ಅಧಿಕಾರಿಗಳಿಗೆ ಬರೆದವು ಬೇರೆ, ರಾಜ್ಯಗಳ ಗವರ್ನರುಗಳಿಗೆ, ವಿದೇಶಿಯರಿಗೆ, ಶತ್ರು ಸೇನೆಯವರಿಗೆ ಬರೆದವು ಬೇರೆ ಬೇರೆ. ಗುಮಾಸ್ತರ ಅಕ್ಷರ ಚಂದವಾಗಿರಬೇಕು, ಎಲ್ಲರದ್ದೂ ಒಂದೇ ಥರ ಕಾಣಬೇಕು ಅಂತ ವಾಷಿಂಗ್ಟನ್‌ನ ಸೂಚನೆ. ದಿನಕ್ಕೆ ಎಂಟು ಗಂಟೆ ಬರೆದರು. 1783ರ ಹೊತ್ತಿಗೆ 44 ಸಂಪುಟ ತಯಾರಾದವು. ಕಾಂಗ್ರೆಸ್ಸಿನ ಹತ್ತಿರ ಸೈನಿಕರಿಗೆ ಸಂಬಳ ಕೊಡಲೂ ಹಣ ಇರದ ಕಾಲ ಅದು. ಇದು ದುಂದು ಅಂತ ಯಾರಾದರೂ ಅಂದಿದ್ದರೆ ಅವರನ್ನು ತಪ್ಪು ಅನ್ನಲಾಗದು. ಆದರೆ ಮುಂದೆ ಏನಾಯಿತು ನೋಡಿ.

ಯುದ್ಧ ಮುಗಿದ ಮೇಲೆ ಸೈನ್ಯವೇ ಕರಗಿಹೋಯಿತು. 1784ರ ಜೂನ್‌ನಲ್ಲಿ ಕಾಂಗ್ರೆಸ್ ಉಳಿಸಿಕೊಂಡದ್ದು 80 ಸೈನಿಕರನ್ನು, ಉಗ್ರಾಣ ಕಾಯಲು. ಸೈನ್ಯದ ಕಡತಗಳು ಯುದ್ಧ ಇಲಾಖೆಯ ಕಚೇರಿಗೆ ಸೇರಿದವು. 1800ರಲ್ಲಿ ರಾಜಧಾನಿ ಫಿಲಡೆಲ್ಫಿಯಾದಿಂದ ವಾಷಿಂಗ್ಟನ್ ನಗರಕ್ಕೆ ಬಂತು. ಇಲಾಖೆ ಒಂದು ಬಾಡಿಗೆ ಕಟ್ಟಡದಲ್ಲಿ ಕೂತಿತು. ಅದೇ ವರ್ಷ ನವೆಂಬರ್ 8ರ ರಾತ್ರಿ ಕಟ್ಟಡಕ್ಕೆ ಬೆಂಕಿ ಬಿತ್ತು. ಕಡತಗಳು ಸುಟ್ಟವು. ಚುನಾವಣೆಯ ಸಮಯ ಬೇರೆ. ಅಧಿಕಾರದಲ್ಲಿದ್ದವರೇ ಬೆಂಕಿ ಇಟ್ಟರು ಅಂತ ವಿರೋಧಿ ಪತ್ರಿಕೆಗಳು ಬರೆದವು. ವಾಷಿಂಗ್ಟನ್‌ನ 44 ಸಂಪುಟಗಳು ಉಳಿದವು. ಯಾಕೆಂದರೆ ಅವು ಅಲ್ಲಿರಲಿಲ್ಲ. 1783ರಲ್ಲೇ ಗಾಡಿ ಮೇಲೆ ಅವನ ಮನೆ ಮೌಂಟ್ ವರ್ನನ್ ಸೇರಿದ್ದವು. ಈಗ ಅವು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ಸುಟ್ಟದ್ದರ ಬಿಸಿ ತಟ್ಟಿದ್ದು ಸಾಮಾನ್ಯ ಸೈನಿಕರಿಗೆ. 1818ರಲ್ಲಿ ಬಡ ಸೈನಿಕರಿಗೆ ಪಿಂಚಣಿ ಕೊಡುವ ಕಾನೂನು ಬಂತು. 1832ರಲ್ಲಿ ಇನ್ನಷ್ಟು ಜನರಿಗೆ ಅನ್ವಯಿಸುವ ಕಾನೂನು ಬಂತು. ನೀನು ಸೈನಿಕನಾಗಿದ್ದೆ ಅನ್ನುವುದಕ್ಕೆ ಆಧಾರ ಏನು ಅಂತ ಸರ್ಕಾರ ಕೇಳಿತು. ಆಧಾರ ಸುಟ್ಟಿದ್ದು ಸರ್ಕಾರದ್ದೇ ಕಚೇರಿಯಲ್ಲಿ! ಎಪ್ಪತ್ತು, ಎಂಬತ್ತು ವಯಸ್ಸಿನ ಮುದುಕರು ನ್ಯಾಯಾಲಯಕ್ಕೆ ಬಂದು, ಯಾವ ಕ್ಯಾಪ್ಟನ್ ಕೈಕೆಳಗಿದ್ದೆ, ಯಾವ ದಾರಿಯಲ್ಲಿ ನಡೆದೆ, ಯಾವ ಕಾಳಗ ನೋಡಿದೆ ಅಂತ ಬಾಯಲ್ಲಿ ಹೇಳಿದರು. ಗುಮಾಸ್ತರು ಬರೆದುಕೊಂಡರು. ಕೆಲವರ ಹತ್ತಿರ 1783ರಲ್ಲಿ ವಾಷಿಂಗ್ಟನ್ ಸಹಿ ಮಾಡಿಕೊಟ್ಟ ಬಿಡುಗಡೆ ಪತ್ರ ಇತ್ತು, ಅವರು ಪುಣ್ಯವಂತರು. 1820ರಲ್ಲಿ ಇನ್ನೊಂದು ಷರತ್ತು ಸೇರಿತು. ಬಡವ ಅಂತ ಸಾಬೀತು ಮಾಡಲು ಮನೆಯ ಸಾಮಾನಿನ ಪಟ್ಟಿ ಕೊಡಬೇಕು. ಹಸು ಎಷ್ಟು, ಕುರ್ಚಿ ಎಷ್ಟು, ಪಾತ್ರೆ ಎಷ್ಟು, ಯಾರಿಗೆ ಎಷ್ಟು ಸಾಲ, ಎಲ್ಲ.

ಹೀಗೆ ಬೆಳೆದ ಅರ್ಜಿಗಳು ಸುಮಾರು 80 ಸಾವಿರ ಕಡತ ಆಗಿವೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಅವುಗಳ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ನೋಡಬಹುದು. ಸುಟ್ಟುಹೋದ ಇಲಾಖೆಯ ಪತ್ರಗಳನ್ನೂ ವಿದ್ವಾಂಸರು ಇನ್ನೊಂದು ತುದಿಯಿಂದ ಹುಡುಕಿದ್ದಾರೆ. ಪತ್ರ ಕಳಿಸಿದವರ ಹತ್ತಿರ ಕರಡು ಇರುತ್ತದೆ, ಪಡೆದವರ ಹತ್ತಿರ ಅಸಲು ಇರುತ್ತದೆ. ನೂರಾರು ಸಂಗ್ರಹಗಳಿಂದ ಹೀಗೆ ಸಾವಿರಾರು ಪತ್ರ ಒಟ್ಟುಮಾಡಿದ್ದಾರೆ. ಪಿಂಚಣಿ ಕಡತಗಳ ಕೈಬರಹ ಓದಿ ಟೈಪ್ ಮಾಡಲು ಪತ್ರಾಗಾರದವರು ಸ್ವಯಂಸೇವಕರನ್ನು ಸೇರಿಸಿಕೊಳ್ಳುತ್ತಾರೆ. ಮನೆಯಲ್ಲೇ ಕೂತು ಮಾಡುವ ಕೆಲಸ. ಆಸಕ್ತಿ ಇದ್ದವರು 1832ರ ಅರ್ಜಿಗಳಿಂದ ಶುರುಮಾಡಿ. ಅವುಗಳ ಅಕ್ಷರ ಓದಲು ಸ್ವಲ್ಪ ಸುಲಭ, ಕಥೆಯೂ ಜಾಸ್ತಿ.